ಕಂಕುಳ ಗಂಟು ತೆಗೆದ ಕೈಯಿಂದ ಕರಾಟೆ ಮಾಡಬಹುದೇ?

ಪ್ರಶ್ನೆ: ನನಗೆ 47 ವರ್ಷ, ಗದಗ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. 14 ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಕ್ಯಾನ್ಸರ್‌ಗೆಂದು ಎಡ ಸ್ತನ ತೆಗೆದರು, ಕಂಕುಳಿನ 16 ಗಂಟುಗಳನ್ನೂ ತೆಗೆದಿದ್ದಾರೆ. ಕಿಮೋ 8 ಸಲ (ಮೊದಲ ನಾಲ್ಕು ಕೆಂಪು ಇಂಜೆಕ್ಷನ್), ಕರೆಂಟ್ (ವಿಕಿರಣ ಚಿಕಿತ್ಸೆ) 15 ಸಲ ಆಯಿತು. ಈಗ ದಿನಕ್ಕೊಂದು ಲೆಟ್ರೊಜೋಲ್ ಎಂಬ ಹಾರ್ಮೋನ್ ತಗ್ಗಿಸುವ ಗುಳಿಗೆ. ಕೈ ಇನ್ನೂ ಬಾತಿಲ್ಲ, ಆದರೆ ಪೂರ್ತಿ ಮೇಲೆ ಹೋಗುವುದಿಲ್ಲ. ಬೆಳಗ್ಗೆ ಬೆರಳು ಬಿಗಿದಿರುತ್ತವೆ, ಅಂಗಾಲು ಜುಮುಜುಮು ಅನ್ನುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಮಗಳ ಕರಾಟೆ ಕ್ಲಾಸಿನಲ್ಲಿ ಹೆಂಗಸರ ಬ್ಯಾಚ್ ಶುರುವಾಗಿದೆ, ಸೇರಬೇಕೆಂದು ಆಸೆ. ಅತ್ತೆಯವರು “ಆ ಕೈಲೆ ಒಂದ ತಂಬಿಗಿ ನೀರೂ ಎತ್ತಬ್ಯಾಡ” ಅಂತಾರೆ. ಏನು ಮಾಡಲಿ?

ಉತ್ತರ: ಸೇರಿರಿ ಅಕ್ಕೋರೆ. ಆದರೆ ಮೊದಲ ಮೂರು ತಿಂಗಳು ಕ್ಲಾಸಿನಲ್ಲಿ ಹೇಳಿಕೊಡುವುದರಲ್ಲಿ ಅರ್ಧ ಮಾತ್ರ ನಿಮ್ಮದು. ಯಾವ ಅರ್ಧ, ಯಾಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಅತ್ತೆಯವರ ಮಾತು. ಅವರು ಸುಮ್ಮನೆ ಹೆದರಿಸುತ್ತಿಲ್ಲ. ಗಂಟು ತೆಗೆದ ಕೈಯಿಂದ ಭಾರ ಎತ್ತಬಾರದು ಎಂದು ಬಹಳ ವರ್ಷ ವೈದ್ಯರೇ ಹೇಳುತ್ತಿದ್ದರು. ಕೈಯಲ್ಲಿ ಸೋರುವ ದುಗ್ಧರಸ, ಅಂದರೆ ಲಿಂಫ್, ಕಂಕುಳಿನ ಗಂಟುಗಳ ಮೂಲಕ ಮತ್ತೆ ರಕ್ತ ಸೇರಬೇಕು. ಗಂಟು ಹೋದರೆ ದಾರಿ ಕಿರಿದಾಗುತ್ತದೆ. ಕೆಲಸ ಹೆಚ್ಚಾದಾಗ ಕೈಗೆ ರಕ್ತ ಹೆಚ್ಚು ಬರುತ್ತದೆ, ರಸವೂ ಹೆಚ್ಚುತ್ತದೆ, ಹೋಗಲು ಜಾಗ ಸಾಲದೆ ಕೈ ಬಾಯುತ್ತದೆ. ಲೆಕ್ಕ ಇಲ್ಲಿಯವರೆಗೆ ಸರಿ. ಅದರಲ್ಲಿ ಬಿಟ್ಟುಹೋದದ್ದು ಒಂದೇ ಸಂಗತಿ: ರಸವನ್ನು ಮೇಲಕ್ಕೆ ತಳ್ಳುವುದೂ ಸ್ನಾಯುಗಳೇ. ಸ್ನಾಯು ಬಿಗಿದು ಸಡಿಲಿಸಿದಂತೆಲ್ಲ, ಉಸಿರು ಆಳವಾಗಿ ಆಡಿದಂತೆಲ್ಲ ರಸ ಸರಿಯುತ್ತದೆ. ಕೈಯನ್ನು ಸುಮ್ಮನೆ ಇಟ್ಟರೆ ಆ ಪಂಪೂ ನಿಂತಿತು.

1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾವೈದ್ಯರು ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 24 ಮಹಿಳೆಯರಿಂದ ಡ್ರ್ಯಾಗನ್ ದೋಣಿಯ ಹುಟ್ಟು ಹಾಕಿಸಿದರು. ಯಾರ ಕೈಯೂ ಹೊಸದಾಗಿ ಬಾಯಲಿಲ್ಲ. ಆ ಮೇಲೆ ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಜ್ ಅವರ ತಂಡ ಆಗಲೇ ಕೈ ಬಾತಿದ್ದ 141 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮ ಕೊಟ್ಟಿತು. 2009ರಲ್ಲಿ ಬಂದ ಫಲಿತಾಂಶದ ಪ್ರಕಾರ ಭಾರ ಎತ್ತಿದವರ ಬಾವು ಹೆಚ್ಚಲಿಲ್ಲ. ಬಾವು ಕೆರಳುವ ಪ್ರಸಂಗಗಳು ಅವರಲ್ಲೇ ಕಡಿಮೆ. ಮರುವರ್ಷ ಬಾವು ಇಲ್ಲದವರ ಮೇಲಿನ ಅಧ್ಯಯನವೂ ಅದೇ ದಿಕ್ಕಿನಲ್ಲಿ ಬಂತು, ಐದು ಅಥವಾ ಅದಕ್ಕಿಂತ ಹೆಚ್ಚು ಗಂಟು ತೆಗೆಸಿಕೊಂಡವರಲ್ಲಿ ವಿಶೇಷವಾಗಿ. ಅಲ್ಲಿ ಕೆಲಸ ಮಾಡಿದ್ದು ಭಾರಕ್ಕಿಂತ ಭಾರ ಏರಿಸಿದ ರೀತಿ: ತೀರ ಹಗುರದಿಂದ ಶುರು, ತೊಂದರೆ ಕಾಣದಿದ್ದರೆ ಮಾತ್ರ ಚಿಕ್ಕದೊಂದು ಮೆಟ್ಟಿಲು ಮೇಲಕ್ಕೆ.

ಮನೆಯಲ್ಲಿ ನಡೆಯುವುದು ಇದರ ಉಲ್ಟಾ. ಹತ್ತು ತಿಂಗಳು ಆ ಕೈಯಿಂದ ಏನೂ ಎತ್ತುವುದಿಲ್ಲ. ಒಂದು ದಿನ ನೀರು ಬಂದಾಗ ಯಾರೂ ಇರುವುದಿಲ್ಲ, 12 ಲೀಟರಿನ ತುಂಬಿದ ಕೊಡ, ಅಂದರೆ 12 ಕಿಲೋಗೂ ಹೆಚ್ಚು, ಝಾಡಿಸಿ ಎತ್ತುತ್ತೀರಿ. ಇಲ್ಲವೇ ಹಬ್ಬಕ್ಕೆಂದು ಒಂದೇ ಬೈಠಕ್ಕಿಗೆ ನಲವತ್ತು ರೊಟ್ಟಿ ಬಡಿಯುತ್ತೀರಿ, ಅದೂ ಒಲೆಯ ಝಳಕ್ಕೆ ಕೈ ಒಡ್ಡಿಕೊಂಡು. ಸಂಜೆ ಕೈ ಭಾರ. ದೋಷ ರೊಟ್ಟಿಯದಲ್ಲ, ಅದಕ್ಕೆ ಮುಂಚಿನ ಹತ್ತು ತಿಂಗಳಿನದು. ಕರಾಟೆ ಕ್ಲಾಸಿನ ಲಾಭ ಏನೆಂದರೆ ಅಲ್ಲಿ ಎಲ್ಲವೂ ಎಣಿಕೆಯ ಮೇಲೆ ನಡೆಯುತ್ತದೆ. ಇವತ್ತು ಹತ್ತು, ಮುಂದಿನ ವಾರ ಹದಿನೈದು.

ಹೆಸರು ಹಚ್ಚುವ ಮೊದಲು ಆಗಬೇಕಾದ ಮೂರು ಕೆಲಸಗಳಿವೆ. ಕೆಂಪು ಇಂಜೆಕ್ಷನ್ ಹೃದಯದ ಸ್ನಾಯುವನ್ನು ಸಡಿಲ ಮಾಡಬಲ್ಲದು, ನಿಮಗೆ ಕರೆಂಟ್ ಕೊಟ್ಟದ್ದೂ ಎಡ ಎದೆಗೆ. ಕಳೆದ ವರ್ಷದೊಳಗೆ ಎಕೋ (ಹೃದಯದ ಸ್ಕ್ಯಾನ್) ಆಗಿಲ್ಲದಿದ್ದರೆ ಚಿಕಿತ್ಸೆ ಪಡೆದ ಕಡೆಯೇ ಕೇಳಿ ಮಾಡಿಸಿಕೊಳ್ಳಿ. ಒಂದು ಮಹಡಿ ಹತ್ತಿದರೆ ಏದುಸಿರು, ಸಂಜೆ ಹೊತ್ತಿಗೆ ಪಾದ ಊತ, ಮಲಗಿದಾಗ ಉಸಿರುಕಟ್ಟಿ ಎದ್ದು ಕೂಡುವುದು, ಇವುಗಳಲ್ಲಿ ಒಂದಿದ್ದರೂ ಎಕೋ ಮೊದಲು, ಕ್ಲಾಸ್ ಆಮೇಲೆ. ಎರಡನೆಯದು ಮೂಳೆ. ಲೆಟ್ರೊಜೋಲ್ ಮೂಳೆಯ ಸಾಂದ್ರತೆ ಇಳಿಸುತ್ತದೆ, ಆದ್ದರಿಂದ ಡೆಕ್ಸಾ ಸ್ಕ್ಯಾನ್ ಬೇಕು. ಅದರಲ್ಲಿ ಬರುವ ಮೂಳೆ ಸಾಂದ್ರತೆಯ ಅಂಕಿ, ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಬೀಳುವ, ಜಿಗಿಯುವ, ಬೆನ್ನು ಬಗ್ಗಿಸಿ ತಿರುಚುವ ಯಾವುದೂ ಬೇಡ. ಬೆನ್ನು, ಪಕ್ಕೆಲುಬು, ಸೊಂಟ ಅಥವಾ ತೊಡೆಯ ಮೂಳೆಯಲ್ಲಿ ಹೊಸದಾಗಿ ನೋವು ಬಂದು, ರಾತ್ರಿ ಹೆಚ್ಚಾಗಿ, ಮಲಗಿದರೂ ಇಳಿಯದಿದ್ದರೆ ಅದನ್ನು “ಗುಳಿಗಿ ನೋವು” ಎಂದು ತಳ್ಳಿಹಾಕಬೇಡಿ, ಡಾಕ್ಟರಿಗೆ ತೋರಿಸುವವರೆಗೆ ಕ್ಲಾಸಿಗೆ ಕಾಲಿಡಬೇಡಿ.

ಮೂರನೆಯದನ್ನು ಮನೆಯಲ್ಲೇ ಮಾಡಬಹುದು. ಗೋಡೆಯಿಂದ ಒಂದು ಮೊಳ ದೂರ ನಿಂತು ಎರಡೂ ಅಂಗೈ ಎದೆಯ ಮಟ್ಟಕ್ಕೆ ಊರಿ ಗೋಡೆ ತಳ್ಳಿರಿ. ಮಗಳು ಹಿಂದೆ ನಿಂತು ಬೆನ್ನು ನೋಡಲಿ. ಎಡ ಭುಜದ ಹಲಗೆ ಮೂಳೆಯ ಒಳ ಅಂಚು ರೆಕ್ಕೆಯಂತೆ ಎದ್ದು ಬಂದರೆ, ಕಂಕುಳ ಆಪರೇಷನ್‌ನಲ್ಲಿ ಪಕ್ಕೆಯ ಉದ್ದನೆಯ ನರಕ್ಕೆ ಪೆಟ್ಟಾಗಿರಬಹುದು. ಆ ನರ ನಡೆಸುವ ಸ್ನಾಯುವೇ ಪಂಚಿನ ಕೊನೆಯ ಎರಡು ಇಂಚು ಮುಂದಕ್ಕೆ ದೂಡುವುದು. ಅದು ಸೋತಿರುವಾಗ ಪಂಚ್ ಹೊಡೆದರೆ ಭಾರವೆಲ್ಲ ಭುಜದ ಕೀಲಿನ ಮೇಲೆ ಬೀಳುತ್ತದೆ. ರೆಕ್ಕೆ ಎದ್ದಿದ್ದರೆ ಫಿಸಿಯೋಥೆರಪಿಗೆ ಹೋಗಿ. ಎದ್ದಿಲ್ಲದಿದ್ದರೆ ಆ ಸ್ನಾಯುವಿಗೆ ಪಂಚ್‌ನಂಥ ಒಳ್ಳೆಯ ವ್ಯಾಯಾಮ ಕಡಿಮೆ.

ಇನ್ನು ಕ್ಲಾಸು. ಎಲ್ಲರ ಕಣ್ಣೂ ಹೊಡೆಯುವ ಕೈಯ ಮೇಲೆ ಇರುತ್ತದೆ. ನೀವು ಲಕ್ಷ್ಯ ಕೊಡಬೇಕಾದದ್ದು ಹಿಂದಕ್ಕೆ ಬರುವ ಕೈಗೆ. ಕರಾಟೆಯಲ್ಲಿ ಒಂದು ಮುಷ್ಟಿ ಮುಂದೆ ಹೋಗುವಾಗ ಇನ್ನೊಂದು ಮುಷ್ಟಿ ಸೊಂಟದ ಪಕ್ಕಕ್ಕೆ ಬಂದು ಅಂಗೈ ಮೇಲಾಗಿ ನಿಲ್ಲುತ್ತದೆ. ಅದಕ್ಕೆ ಹಿಕಿತೆ ಎನ್ನುತ್ತಾರೆ. ಸ್ತನ ತೆಗೆದ ಮೇಲೆ ಹೆಚ್ಚಿನ ಹೆಂಗಸರು ಭುಜ ಮುಂದಕ್ಕೆ ಮುದುಡಿ, ಸೆರಗು ಎಳೆದುಕೊಂಡು ನಡೆಯುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಅದರ ಮೇಲೆ ಕರೆಂಟ್ ಬಿದ್ದ ಎದೆಯ ಸ್ನಾಯು ಒಂದೆರಡು ವರ್ಷವಾದರೂ ಬಿಗಿಯುತ್ತಲೇ ಹೋಗುತ್ತದೆ. ಕೈ ಮೇಲೆ ಹೋಗದಿರಲು ಅರ್ಧ ಕಾರಣ ಇದೇ. ಹಿಕಿತೆ ಸರಿಯಾಗಿ ಮಾಡಿದರೆ ಹಲಗೆ ಮೂಳೆಗಳು ಬೆನ್ನುಮೂಳೆಯ ಕಡೆ ಸರಿದು ಎದೆ ತೆರೆದುಕೊಳ್ಳುತ್ತದೆ.

ಮಾಡುವ ಬಗೆ ಹೀಗೆ. ಪಾದ ಭುಜದಗಲ, ಮೊಣಕಾಲು ಸಡಿಲ. ಎರಡೂ ಕೈ ಹೊಟ್ಟೆಯ ಮಟ್ಟಕ್ಕೆ ಮುಂದೆ. ಉಸಿರು ಬಿಡುತ್ತ ಬಲಗೈ ಅಲ್ಲೇ ಇರಲಿ, ಎಡ ಮೊಣಕೈ ಪಕ್ಕೆಲುಬಿಗೆ ಉಜ್ಜಿಕೊಂಡು ನೇರ ಹಿಂದಕ್ಕೆ ಹೋಗಲಿ. ಮುಷ್ಟಿ ಕೊನೆಯ ನಾಲ್ಕು ಬೆರಳಿನಷ್ಟು ದಾರಿಯಲ್ಲಿ ಮಾತ್ರ ತಿರುಗಿ ಅಂಗೈ ಮೇಲಾಗಲಿ. ಮೂರು ಎಣಿಸುವವರೆಗೆ ಅಲ್ಲೇ ಹಿಡಿಯಿರಿ. ಶುರುವಿನಲ್ಲಿ ಎಲ್ಲರಿಂದಲೂ ಆಗುವ ತಪ್ಪು ಎಂದರೆ ಗಾಯದ ಬಿಗಿತಕ್ಕೆ ಮೊಣಕೈ ಹೊರಕ್ಕೆ ಸಿಡಿಯುವುದು, ಭುಜ ಕಿವಿಯ ಕಡೆ ಏರುವುದು. ಆಗ ಮೂಳೆ ಹಿಂದೆ ಸರಿದಿಲ್ಲ, ಕೈ ಮಾತ್ರ ಹೋಗಿದೆ ಎಂದು ಅರ್ಥ. ಅರ್ಧ ದೂರವೇ ಬಂದರೂ ಚಿಂತೆಯಿಲ್ಲ, ದಾರಿ ನೆಟ್ಟಗಿರಲಿ. ಯಾರೂ ಹಿಂದಿನಿಂದ ಮೊಣಕೈ ಹಿಡಿದು ಜಗ್ಗಬಾರದು, ಮಗಳೂ ಸೇರಿ.

ಪಂಚ್ ಮೊದಲ ತಿಂಗಳು ಹೊಟ್ಟೆಯ ಮಟ್ಟಕ್ಕೆ, ಅರ್ಧ ವೇಗದಲ್ಲಿ, ಗಾಳಿಗೆ. ಮೊಣಕೈ ಪೂರ್ತಿ ಲಾಕ್ ಆಗುವ ಮುಂಚೆ ನಿಲ್ಲಿಸಿ. ಗಾಳಿಗೆ ಹೊಡೆಯುವಾಗ ಭಾರ ಇಲ್ಲವೆಂದು ಅನ್ನಿಸುತ್ತದೆ, ಆದರೆ ಇಲ್ಲಿ ವೇಗವೇ ಭಾರ. ಜೋರಾಗಿ ಹೋದ ಕೈಯನ್ನು ತಡೆದು ನಿಲ್ಲಿಸುವುದು ಭುಜದ ಹಿಂದಿನ ಸಣ್ಣ ಸ್ನಾಯುಗಳು, ಅವು ಈಗ ಸೋತಿವೆ. ಮುಷ್ಟಿಯನ್ನು ಮೊದಲಿನಿಂದ ಬಿಗಿಹಿಡಿಯಬೇಡಿ. ಸಡಿಲ ಹೋಗಿ ಕೊನೆಗೆ ಬಿಗಿದು ಮತ್ತೆ ಸಡಿಲಾದರೆ ಲೆಟ್ರೊಜೋಲ್‌ನಿಂದ ಬಿಗಿದ ಬೆರಳ ಕೀಲಿಗೂ ಹಿತ, ರಸದ ಪಂಪಿಗೂ ಅದೇ ಬೇಕಾದದ್ದು. “ಹಾಯ್” ಎಂದು ಕೂಗುವುದಕ್ಕೆ ನಾಚಬೇಡಿ, ಕೂಗಿದರೆ ಉಸಿರು ಹಿಡಿಯಲು ಆಗುವುದಿಲ್ಲ. ಉಸಿರು ಹಿಡಿದು ಬಲ ಹಾಕುವುದು ಈ ಕೈಗೂ ಒಳ್ಳೆಯದಲ್ಲ, ಬಿಪಿಗೂ ಅಲ್ಲ.

ತಡೆಗಳಲ್ಲಿ, ಅಂದರೆ ಬ್ಲಾಕ್‌ಗಳಲ್ಲಿ, ನಿಮಗೆ ಬಹಳ ಬೇಕಾದದ್ದು ಹಣೆಯ ಮೇಲಕ್ಕೆ ಮುಂಗೈ ಏರಿಸುವ ಆಗೆ-ಉಕೆ. ಕೈ ಮೇಲೆ ಹೋಗದವರಿಗೆ ಇದು ಒಮ್ಮೆಲೇ ಕೂಡದು. ನಮ್ಮ ಗರಡಿಮನೆಯ ಕೋಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಮೂರಡಿಯ ಹಗುರ ಬಿದಿರ ಬಡಿಗೆ ಎರಡೂ ಕೈಯಲ್ಲಿ ಹಿಡಿದು, ಬಲಗೈ ಎತ್ತಲಿ, ಎಡಗೈ ಅದರ ಹಿಂದೆ ಹೋಗಲಿ. ಬಿಗಿತ ಸಿಕ್ಕಲ್ಲಿ 10 ಸೆಕೆಂಡು ನಿಲ್ಲಿ, ಉಸಿರು ಬಿಡಿ, ಇಳಿಸಿ. ಹತ್ತು ಸಲ, ದಿನಾಲು. ಭುಜದ ತುದಿಯಲ್ಲಿ ಚಿವುಟಿದಂತಾದರೆ ಕೋಲನ್ನು ಸ್ವಲ್ಪ ಎಡಕ್ಕೆ ಓರೆ ಮಾಡಿ ಎತ್ತಿ ನೋಡಿ, ಬಹಳ ಸಲ ಅಷ್ಟಕ್ಕೇ ನೋವು ತಪ್ಪುತ್ತದೆ. ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ತಂತಿ ಬಿಗಿದಂತೆ ಕಂಡರೆ ಅದು ಬೇರೆ ಸಮಸ್ಯೆ, ಫಿಸಿಯೋಥೆರಪಿಸ್ಟ್ ಕೈಯಿಂದಲೇ ಬಿಡಿಸಿಕೊಳ್ಳಬೇಕು. ಅಂದ ಹಾಗೆ, ಶಾಲೆಯ ಕೋಣೆಯಲ್ಲಿ ಧೂಳು ಹಿಡಿದ ಲೇಜಿಮು ಇದ್ದರೆ ಎರಡು ತಿಂಗಳ ನಂತರ ಅದನ್ನೂ ಬಳಸಬಹುದು. ಕರೇಲಿ, ಅಂದರೆ ಗರಡಿಯ ಮರದ ಗದೆ, ಮಾತ್ರ ತಿರುಗಿಸಬೇಡಿ, ತಲೆಯ ಹಿಂದೆ ಜೋತು ಬೀಳುವ ಆ ಭಾರ ಭುಜವನ್ನೇ ಜಗ್ಗುತ್ತದೆ.

ಕಾಲಿನ ಕೆಲಸಕ್ಕೆ ಬರೋಣ. ಅಂಗಾಲು ಜುಮುಗುಡುವುದು ಕೆಂಪು ಇಂಜೆಕ್ಷನ್ ಆದ ಮೇಲೆ ಕೊಟ್ಟ ಔಷಧಿಯಿಂದ ಇರಬಹುದು. ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನವು ನರದ ತುದಿಗಳನ್ನು ಮಂಕು ಮಾಡುತ್ತವೆ. ನೆಲ ಸರಿಯಾಗಿ ತಿಳಿಯದ ಕಾಲಿನಿಂದ ಕಿಕ್ ಹೊಡೆದರೆ ಬೀಳುವುದು ನಿಂತ ಕಾಲಿನಿಂದ. ಗೋಡೆ ಪಕ್ಕ ಒಂಟಿಕಾಲಲ್ಲಿ ನಿಂತು ಎಣಿಸಿ. ಹತ್ತು ಸೆಕೆಂಡು ನಿಲ್ಲಲಾಗದಿದ್ದರೆ ಮೊಣಕಾಲು ಎತ್ತಿ ಇಳಿಸುವುದಷ್ಟೇ ಕಿಕ್. ಮೂವತ್ತು ಸೆಕೆಂಡು ನಿಂತರೆ ಮೊಣಕಾಲ ಮಟ್ಟದ ಮುಂದಿನ ಕಿಕ್ ಶುರು ಮಾಡಿ. ಕುದುರೆ ಸವಾರಿಯ ಭಂಗಿ ಕಿಬಾ-ದಾಚಿ ತೊಡೆಗೂ ಸೊಂಟಕ್ಕೂ ಬಲ. ಮಕ್ಕಳಿಂದ ಹೊಡೆಸಿದ ಬಸ್ಕಿಯಷ್ಟು ಕೆಳಗೆ ಇಳಿಯಬೇಕಿಲ್ಲ, ಕುರ್ಚಿಯಲ್ಲಿ ಕೂರುವುದರ ಅರ್ಧದಷ್ಟು ಇಳಿದರೆ ಸಾಕು. ಬರಿಗಾಲಿನ ಆಟ ಇದು. ಕ್ಲಾಸ್ ಮುಗಿದ ಮೇಲೆ ಅಂಗಾಲು ತಿರುಗಿಸಿ ನೋಡಿಕೊಳ್ಳಿ, ಮಂಕಾದ ಕಾಲಿಗೆ ಚುಚ್ಚಿದ್ದು ಗೊತ್ತಾಗುವುದಿಲ್ಲ.

ಪ್ರಮಾಣ ಇಷ್ಟಿರಲಿ. ವಾರಕ್ಕೆ ಎರಡು ಕ್ಲಾಸ್, ನಡುವೆ ಎರಡು ದಿನದ ಅಂತರ. ಮೊದಲ ಎರಡು ವಾರ ಎಡಗೈ ಪಂಚ್ 10ರಂತೆ ಎರಡು ಸಲ, ಹಿಕಿತೆ ಅಷ್ಟೇ, ಬ್ಲಾಕ್ 10, ಕಿಬಾ-ದಾಚಿ 10 ಸೆಕೆಂಡಿನಂತೆ ಐದು ಸಲ. ಬಲಗೈ ಎಷ್ಟಾದರೂ ಹೊಡೆಯಲಿ, ಎಡಗೈ ತನ್ನ ಲೆಕ್ಕ ಮುಗಿದ ಮೇಲೆ ಸೊಂಟದಲ್ಲಿ ಕೂತಿರಲಿ. ಆಮೇಲೆ ವಾರವಾರ ತುಸು ತುಸುವೇ ಏರಿಸಿ, ಆರನೇ ವಾರಕ್ಕೆ 15ರಂತೆ ಎರಡು ಅಥವಾ ಮೂರು ಸಲ. ಏಳನೇ ವಾರದಿಂದ ಹೇಯಾನ್ ಶೋದಾನ್‌ನಂಥ ಮೊದಲ ಕಟಾ, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ. ಅದರಲ್ಲಿ 21 ಚಲನೆಗಳಿವೆ, ಕೆಳಗಿನ ತಡೆ, ಮೇಲಿನ ತಡೆ, ಹೆಜ್ಜೆ ಪಂಚ್ ಎಲ್ಲ ಸರದಿಯಲ್ಲಿ ಬರುತ್ತವೆ, ಭುಜದ ಒಂದೇ ಮೂಲೆ ದಣಿಯುವುದಿಲ್ಲ. ಒಂದು ವಾರಕ್ಕಿಂತ ಹೆಚ್ಚು ತಪ್ಪಿದರೆ ಬಿಟ್ಟ ಅಂಕಿಯಿಂದ ಶುರು ಮಾಡಬೇಡಿ, ಎರಡು ಮೆಟ್ಟಿಲು ಕೆಳಗಿಳಿಯಿರಿ. ಪರೀಕ್ಷೆ ಸಮಯದಲ್ಲಿ ಬಿಟ್ಟು ಬೇಸಿಗೆ ರಜೆಯಲ್ಲಿ ಒಮ್ಮೆಲೇ ಹುರುಪಿನಿಂದ ಹೊಡೆದು ಕೈ ಬಾಯಿಸಿಕೊಳ್ಳುವವರು ಬಹಳ. ದಣಿವಿನ ಅಳತೆ ಸುಲಭ: ಎರಡರ ಮಗ್ಗಿ ಹೇಳುವಷ್ಟು ಉಸಿರು ಇರಬೇಕು, ಪ್ರಾರ್ಥನೆ ಹಾಡುವಷ್ಟು ಇರಬಾರದು. ಕ್ಲಾಸ್ ಇಲ್ಲದ ಮೂರು ದಿನ 30 ನಿಮಿಷ ಬಿರುಸು ನಡಿಗೆ. ಚಿಕಿತ್ಸೆ ಮುಗಿದವರ ದಣಿವು ಮತ್ತು ಮನಸ್ಸಿನ ಕಳವಳಕ್ಕೆ ಪುರಾವೆ ಗಟ್ಟಿಯಾಗಿರುವುದು ನಡಿಗೆಯಂಥ ವ್ಯಾಯಾಮಕ್ಕೆ, ಅಥವಾ ಅದರ ಜೊತೆ ಬಲದ ವ್ಯಾಯಾಮವೂ ಸೇರಿದಾಗ. ಕರಾಟೆಯೊಂದರ ಮೇಲೇ ನಡೆದ ಅಧ್ಯಯನಗಳು ಕಡಿಮೆ, ಇದ್ದವೂ ಸಣ್ಣವು. ಆದ್ದರಿಂದ ಇದು ಕ್ಯಾನ್ಸರ್ ಮರಳುವುದನ್ನು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಟೇಪು ಹಿಡಿದು ಅಳೆಯುವುದನ್ನು ಮಾತ್ರ ತಪ್ಪಿಸಬೇಡಿ. ಬ್ಲೌಸ್ ಹೊಲಿಯುವವರ ಟೇಪು ಸಾಕು. ಮಣಿಕಟ್ಟಿನ ಗಂಟೆಲುಬು, ಅಲ್ಲಿಂದ ಮೇಲೆ 10, 20, 30 ಸೆಂಟಿಮೀಟರ್‌ಗೆ ಪೆನ್ನಿನ ಗುರುತು. ಎರಡೂ ಕೈ, ವಾರಕ್ಕೊಮ್ಮೆ, ಬೆಳಗ್ಗೆ ಸ್ನಾನದ ಮೊದಲು, ಒಂದೇ ವಹಿಯಲ್ಲಿ. ಬಲಗೈ ರೂಢಿಯ ಕೈ ಆದ್ದರಿಂದ ಅದು ತುಸು ದಪ್ಪ ಇರುವುದು ಸಹಜ. ನೋಡಬೇಕಾದದ್ದು ಎರಡರ ನಡುವಿನ ವ್ಯತ್ಯಾಸ ಮೊದಲ ವಾರಕ್ಕಿಂತ ಎಷ್ಟು ಬದಲಾಯಿತು ಎಂದು. ಯಾವುದೇ ಗುರುತಿನಲ್ಲಿ ಎಡಗೈ 2 ಸೆಂಟಿಮೀಟರ್ ಏರಿದರೆ, ಅಥವಾ ಕ್ಲಾಸಿನ ಭಾರ ಮರುದಿನ ಸಂಜೆಗೂ ಇಳಿಯದಿದ್ದರೆ, ಎಡಗೈ ಕೆಲಸ ನಿಲ್ಲಿಸಿ ತೋರಿಸಿ. ಟೇಪಿಗಿಂತ ಮುಂಚೆ ಹೇಳುವವು ಬಳೆ ಮತ್ತು ಕುಬಸ. ಖಣದ ಕುಬಸದ ತೋಳು ಎಡಗೈಗೆ ಗೆರೆ ಮೂಡಿಸುತ್ತಿದ್ದರೆ ಲಕ್ಷ್ಯ ಕೊಡಿ, ಆ ಬಿಗಿ ತೋಳನ್ನೂ ಸಡಿಲ ಮಾಡಿಸಿ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು. ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಬಾವು ಆಗಲೇ ಇರುವ ಓದುಗರು ಅಳತೆಗೆ ತಕ್ಕ ಒತ್ತಡದ ತೋಳುಪಟ್ಟಿ ಹಾಕಿಕೊಂಡೇ ಮಾಡಬೇಕು. ಅಳತೆ ತಪ್ಪಿದ ಪಟ್ಟಿ ಮೊಣಕೈಯಲ್ಲಿ ಸುರುಳಿಯಾಗಿ ಹಗ್ಗದಂತೆ ಕಟ್ಟುತ್ತದೆ. ಔಷಧ ಅಂಗಡಿಯ ಕ್ರೇಪ್ ಬ್ಯಾಂಡೇಜನ್ನು ತಾವೇ ಸುತ್ತಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ನಿಮಗೆ ಬಾವಿಲ್ಲ, ಪಟ್ಟಿ ಕಡ್ಡಾಯವಲ್ಲ. ಏಪ್ರಿಲ್, ಮೇ ಸಂಜೆ ತಗಡಿನ ಶೆಡ್ಡಿನ ಕ್ಲಾಸ್ ಬಿಟ್ಟು ಬೆಳಗಿನ ಬ್ಯಾಚ್ ಕೇಳಿ, ಸೆಖೆಗೆ ರಸ ಹೆಚ್ಚುತ್ತದೆ. ಒಳಗೆ ಜೇಬಿರುವ ಬ್ರಾದಲ್ಲಿ ಹಗುರ ಹತ್ತಿಯ ಪ್ಯಾಡ್ ಸಾಕು. ಸಿಲಿಕೋನಿನದು ಬೆವರಿಗೆ ಜಾರುತ್ತದೆ, ಭಾರವೂ ಹೌದು. ಕರಾಟೆ ಅಂಗಿ ಎದೆಯ ಮೇಲೆ ತೆರೆದುಕೊಳ್ಳುತ್ತದೆ, ಒಳಗೊಂದು ಕತ್ತಿನವರೆಗಿನ ಟೀ-ಶರ್ಟ್ ಇರಲಿ.

ನಿದ್ದೆಗೆ ಒಂದು ಮಾತು. ಲಾಸ್ ಏಂಜಲಿಸ್‌ನಲ್ಲಿ ನಿದ್ರಾಹೀನತೆಯಿಂದ ಬಳಲುತ್ತಿದ್ದ ಸ್ತನ ಕ್ಯಾನ್ಸರ್ ಗೆದ್ದ 90 ಮಹಿಳೆಯರಲ್ಲಿ ಅರ್ಧ ಜನಕ್ಕೆ ತಾಯ್ ಚಿ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮ, ಉಳಿದವರಿಗೆ ಮನೋಚಿಕಿತ್ಸೆ ಕೊಟ್ಟು ನೋಡಿದರು. 2017ರ ವರದಿಯಂತೆ 15 ತಿಂಗಳ ನಂತರ ಎರಡೂ ಕಡೆ ನೂರಕ್ಕೆ ಸುಮಾರು 45 ಜನಕ್ಕೆ ಗುಣ ಕಂಡಿತ್ತು. ತಾಯ್ ಚಿ ಮೂಳೆಗೂ ಸ್ನಾಯುವಿಗೂ ಸಾಲದು, ಆದರೆ ನಿಧಾನ ಮತ್ತು ಉಸಿರು ಅದರಿಂದ ಎರವಲು ತರಬಹುದು. ಕಲಿತ ಕಟಾವನ್ನೇ ರಾತ್ರಿ ಊಟಕ್ಕೆ ಮುಂಚೆ, ಒಂದೊಂದು ಚಲನೆಗೆ ಒಂದೊಂದು ಉಸಿರು ಬಿಟ್ಟು, ಕೂಗದೆ 15 ನಿಮಿಷ ಮಾಡಿ. ಮಲಗುವ ಒಂದು ತಾಸು ಮುಂಚೆ ಜೋರು ಕ್ಲಾಸ್ ಮಾತ್ರ ಬೇಡ.

ಕರಾಟೆ ಸರ್ ಹತ್ತಿರ ಮೊದಲ ದಿನವೇ ಸಂಕೋಚವಿಲ್ಲದೆ ಹೇಳಿರಿ: ಎಡಗೈ ಹಿಡಿದು ತಿರುಚುವ ಲಾಕ್ ಇಲ್ಲ, ಎತ್ತಿ ಒಗೆಯುವುದು ಇಲ್ಲ, ಬಿದ್ದು ಉರುಳುವುದು ಇಲ್ಲ, ಮುಷ್ಟಿಯ ಮೇಲೆ ದಂಡ ಇಲ್ಲ (ಗೋಡೆಗೆ ಮಾಡುತ್ತೇನೆ), ಎದುರಾಳಿಯ ಜೊತೆ ಸ್ಪಾರಿಂಗ್ ಇಲ್ಲ. ಕುಸ್ತಿ, ಜೂಡೋಗೂ ಇದೇ ಕಾರಣಕ್ಕೆ ನನ್ನ ಒಪ್ಪಿಗೆ ಇಲ್ಲ. ಜಗ್ಗಾಟದಲ್ಲಿ ಭಾರ ಎಷ್ಟು ಬೀಳುತ್ತದೆಂದು ನಿಮ್ಮ ಕೈಯಲ್ಲಿರುವುದಿಲ್ಲ, ಎದುರಿನವರ ಕೈಯಲ್ಲಿರುತ್ತದೆ. ಹನ್ನೆರಡು ವಾರದ ಮೇಲೆ ಅಳತೆ ನೆಟ್ಟಗಿದ್ದರೆ ಪ್ಯಾಡಿಗೆ ಅರ್ಧ ಬಲದ ಹತ್ತು ಪಂಚ್‌ನಿಂದ ಶುರು ಮಾಡಬಹುದು. ಆದರೆ “ಅಕ್ಕಾರ, ನೀವ್ ಹೊಡಿಬ್ಯಾಡ್ರಿ, ಬರೇ ಪ್ಯಾಡ್ ಹಿಡೀರಿ” ಎಂದು ಕನಿಕರದಿಂದ ಹೇಳಿದರೆ ಒಪ್ಪಬೇಡಿ. ಹೊಡೆಯುವವರಿಗೆ ತಮ್ಮ ಪೆಟ್ಟಿನ ಅಂದಾಜು ಇರುತ್ತದೆ. ಹಿಡಿದವರ ಭುಜಕ್ಕೆ ಅದು ಹೇಳದೆ ಬಂದು ಬೀಳುತ್ತದೆ.